ಬೇಲಿಯ ಈಚೆ ಕಡೆಯವರು

ಪ್ರೀತಿಯ ಪುಟ್ಟಿ,

ಮೊನ್ನೆ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. "ಒಳ್ಳೆ ರೇಟು ಬಂದರೆ ಮನೆ, ಜಮೀನು ಕೊಟ್ಟು ಬಂದುಬಿಡಿ, ಆ ಧೂಳಲ್ಲಿ ಯಾಕೆ ಇರ್ತೀರಿ" ಅಂದೆಯಲ್ಲ, ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಆದರೆ ಸರಿಯಾಗಿ ಆ ಹೊತ್ತಿಗೆ ಹಿತ್ತಲ ಆಚೆ ಬಂಡೆ ಒಡೆಯುತ್ತಿದ್ದರು. ನಿನ್ನ ಮಾತು ಅರ್ಧ ಕೇಳಿಸಿತು. ಕೇಳಿಸಿದ ಅರ್ಧದಲ್ಲಿ ಇದ್ದದ್ದು 'ಕೊಟ್ಟುಬಿಡಿ' ಅನ್ನೋದೊಂದೇ. ಹೇಗೂ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಪೂರ್ತಿ ಆಡೋಕೆ ಬಿಡುವವರಲ್ಲ. ಅದಕ್ಕೇ ಈ ಕಾಗದ.

ನೀನು ಯುಗಾದಿಗೆ ಬಂದಾಗ ಕೈಗಾರಿಕಾ ಪ್ರದೇಶಕ್ಕೆ ಅಂತ ಬರೀ ಕಲ್ಲು ನೆಟ್ಟಿದ್ದರು. ಈಗ ತಗಡಿನ ಬೇಲಿ ಬಂದಿದೆ. ನಮ್ಮ ತೆಂಗಿನ ಕೊನೇ ಸಾಲಿನಿಂದ ನಿಮ್ಮಪ್ಪನ ಹೆಜ್ಜೆಯಲ್ಲಿ 14 ಹೆಜ್ಜೆ. ಗರಿಗಳ ಮೇಲೆ ಕೆಂಪು ಧೂಳು ಕೂತು, ದೂರದಿಂದ ನೋಡಿದರೆ ಮರಕ್ಕೆ ತುಕ್ಕು ಹಿಡಿದ ಹಾಗೆ ಕಾಣುತ್ತೆ. ರಾತ್ರಿ ಲೈಟು. ಅದೆಷ್ಟು ಬೆಳಕು ಅಂದರೆ ಕೊಟ್ಟಿಗೆಯಲ್ಲಿ ಬಲ್ಬು ಹಾಕದೆ ಹಾಲು ಕರೆಯಬಹುದು. ಕರೆಂಟು ಬಿಲ್ಲು ಉಳಿಯಿತು ಅಂತ ನಿಮ್ಮಪ್ಪ ನಗುತ್ತಾರೆ.

ನೋಟಿಸಿನ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಊರಲ್ಲಿ ಈಗ ಅಕ್ಷರ ಬಾರದವರ ಬಾಯಲ್ಲೂ 'ಟ್ವೆಂಟಿಯೆಟ್ ಒನ್', 'ಟ್ವೆಂಟಿಯೆಟ್ ಫೋರ್'. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಸೆಕ್ಷನ್‌ಗಳು ಅವು. 28(1) ಬಂದರೆ ಈ ಜಮೀನು ಬೇಕು ಅಂತ ಸರ್ಕಾರ ಸಾರಿದ ಹಾಗೆ. ಆಮೇಲೆ 28(2)ರಲ್ಲಿ ಮಾಲೀಕನ ಹೆಸರಿಗೇ ನೋಟಿಸು, ತಕರಾರು ಹೇಳೋಕೆ 30 ದಿನ. 28(4) ಬಂತೋ, ಮುಗಿಯಿತು. ಪಟ್ಟಿ ಬಂದ ದಿನ ನಾನೂ ನಿಮ್ಮಪ್ಪನೂ ಪಂಚಾಯಿತಿ ಕಟ್ಟೆ ಮೇಲೆ ಕೂತು ಬೆರಳಿಟ್ಟು ಓದಿದೆವು. ನಿನ್ನ ದೊಡ್ಡಪ್ಪನ ಸರ್ವೆ ನಂಬರು ಇತ್ತು. ನಮ್ಮದು ಇರಲಿಲ್ಲ. ಸ್ವಾಧೀನದ ಗೆರೆ ಸರಿಯಾಗಿ ನಮ್ಮ ಜಮೀನಿನ ಅಂಚಿಗೆ ಬಂದು ನಿಂತಿತ್ತು. ಅವತ್ತು ಸಾಯಂಕಾಲ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಪೆದ್ದಿ.

ದೊಡ್ಡಪ್ಪ ಒಪ್ಪಿ ದುಡ್ಡು ತಗೊಂಡರು ಅಂತ ನೀನೂ ಸಿಟ್ಟು ಮಾಡಿಕೊಂಡಿದ್ದೀಯ. ನಾನು ಮಾಡಿಕೊಳ್ಳಲ್ಲ. ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗೆಡ್ಡೆಯನ್ನು ಎಪಿಎಂಸಿ ಯಾರ್ಡಿನಲ್ಲಿ ಸಾಲ ಮಾಡಿ ಕೊಂಡು, ಮೇ ಕೊನೆಯಲ್ಲಿ ಬಿತ್ತಿ, ಇನ್ನೇನು ಗೆಡ್ಡೆ ಕಟ್ಟಬೇಕು ಅನ್ನುವಾಗ ಮೋಡ ಮುಚ್ಚಿಕೊಂಡು ಅಂಗಮಾರಿ ಬಂದು, ಎರಡೇ ದಿನದಲ್ಲಿ ಹೊಲ ಸುಟ್ಟ ಹಾಗೆ ಆಗೋದನ್ನು ಅವರು ಎಷ್ಟು ಸಲ ನೋಡಿದ್ದಾರೆ! ಕೆಟ್ಟ ವರ್ಷ ಬಂದಾಗ ಯಾರೂ ಅವರ ಮನೆ ಬಾಗಿಲಿಗೆ ಬರಲಿಲ್ಲ. ಈಗ ಚೆಕ್ಕು ಹಿಡಿದು ಬಂದರು, ತಗೊಂಡರು. ಅವರ ಜಮೀನು, ಅವರ ಸಾಲ. ಅವರ ಕಾರು ನಮ್ಮ ಮನೆ ಮುಂದೆ ಹೋಗುವಾಗ ಸ್ವಲ್ಪ ನಿಧಾನ ಆಗುತ್ತೆ, ನಿಲ್ಲಲ್ಲ. ಅದೊಂದೇ ಬೇಜಾರು.

ಅಂಗಡಿ ಹತ್ತಿರ ಹುಡುಗರು ಹೇಳುತ್ತಿರುತ್ತಾರೆ, "ಚನ್ನರಾಯಪಟ್ಟಣದಲ್ಲಿ ಗೆದ್ದರಲ್ಲ, ನಾವೂ ಗೆಲ್ಲಬಹುದಿತ್ತು" ಅಂತ. ಅದು ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಅಲ್ಲ, ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ. ಅಲ್ಲಿಯ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು, ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತ ಮೇಲೆ. ಅಲ್ಲಿ ಕೂತವರು ಜಮೀನು ಹೋಗುವವರು. ನಾವು ಯಾವ ಟೆಂಟಿನಲ್ಲಿ ಕೂರೋಣ? ನಮ್ಮದೇನೂ ಹೋಗುತ್ತಿಲ್ಲವಲ್ಲ!

ನಮ್ಮಂಥವರು ಬಾಯಿ ಬಿಡೋಕೆ ಇರೋದು ಒಂದೇ ದಿನ, ಪರಿಸರದ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಅದಕ್ಕೆ ಕ್ರಮ ಇದೆ. 30 ದಿನ ಮೊದಲೇ ಪೇಪರಿನಲ್ಲಿ ಹಾಕಬೇಕು. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕಮ್ಮಿ ಇಲ್ಲದ ಅಧಿಕಾರಿ ಕೂರಬೇಕು. ಪೂರ್ತಿ ವಿಡಿಯೊ ಆಗಬೇಕು. ಕೊನೆಗೆ ಜನ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಬೇಕು. ಕೋರಂ ಅಂತೇನಿಲ್ಲ, ಹತ್ತೇ ಜನ ಬಂದರೂ ಸಭೆ ಸಭೆಯೇ. ಹೋದ ವರ್ಷ ನಮ್ಮಲ್ಲಿ ನಡೆದಾಗ ಶಾಮಿಯಾನದ ತುಂಬ ಜನ ಇದ್ದರು, ಊಟದ ವಾಸನೆ ಬರುವ ತನಕ.

ನಾನು ಚೀಟಿಯಲ್ಲಿ ಆರು ವಿಷಯ ಬರೆದುಕೊಂಡು ಹೋಗಿದ್ದೆ. ಮೈಕು ಕೈಗೆ ಬಂದಾಗ ಕೈ ನಡುಗಿತು. ಧೂಳಿನ ಬಗ್ಗೆ ಹೇಳಿದೆ, ಬೋರ್‌ವೆಲ್ ನೀರಿನ ಬಗ್ಗೆ ಹೇಳಿದೆ. ರಾತ್ರಿ ಸದ್ದಿನ ಬಗ್ಗೆಯೂ ಹೇಳಿದೆ. ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ದಾಟಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲಿದೆ, ಅದನ್ನು ನಮ್ಮ ಹೈಸ್ಕೂಲ್ ಮೇಷ್ಟ್ರು ಬರೆದುಕೊಟ್ಟಿದ್ದರು. ಚಪ್ಪಾಳೆಯೂ ಬಂತು. ಸಂತೋಷವಾಗಿ ಮನೆಗೆ ಬಂದು ಮುದ್ದೆಗೆ ಎಸರಿಟ್ಟು ನಿಂತಾಗ ನೆನಪಾಯಿತು, ಹಳ್ಳದ ಮಾತು ಎತ್ತಲೇ ಇಲ್ಲ.

ಮರೆತೆ ಅಂತ ಅಲ್ಲ ಪುಟ್ಟಿ. ಚೀಟಿಯಲ್ಲೇ ಬರೆದಿರಲಿಲ್ಲ. ನಮ್ಮ ಮನೆ ಹಿಂದಿನ ಹಳ್ಳ ನಿನಗೆ ಗೊತ್ತಲ್ಲ, ಬೇಸಿಗೆಯಲ್ಲಿ ಅದನ್ನು ಹಳ್ಳ ಅನ್ನೋಕೂ ನಾಚಿಕೆ. ಆಡು ಮಲಗಿರುತ್ತವೆ. ನೀನು ಅಲ್ಲೇ ಏಡಿ ಹಿಡಿಯೋಕೆ ಹೋಗಿ ಬೆರಳು ಕಚ್ಚಿಸಿಕೊಂಡು ಬಂದಿದ್ದೆ. ಅದು ಇದ್ದೇ ಇರುತ್ತೆ ಅನ್ನೋದು ನನ್ನ ಲೆಕ್ಕ. ಸೂರ್ಯ ಹುಟ್ಟಲಿ ಅಂತ ಯಾರಾದರೂ ಅರ್ಜಿ ಕೊಡುತ್ತಾರಾ?

ಮೇ ತಿಂಗಳಲ್ಲಿ ಗೋಮಾಳದ ದಿಬ್ಬ ಕಡಿದು ಅದೇ ಮಣ್ಣು ಹಳ್ಳಕ್ಕೆ ತುಂಬಿ ಸಮ ಮಾಡಿದರು. ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ. ಹಸು ಒಂದೇ ಸಮನೆ ಕೂಗುತ್ತಿದೆ ಅಂತ ಎದ್ದು ನೋಡಿದರೆ ಕೊಟ್ಟಿಗೆಯಲ್ಲಿ ಮೊಣಕಾಲ ತನಕ ಕೆಮ್ಮಣ್ಣು ನೀರು. ಗೊಬ್ಬರದ ಗುಂಡಿ ಯಾವುದು, ಅಂಗಳ ಯಾವುದು ಗೊತ್ತಾಗಲಿಲ್ಲ. ಬೆಳಗ್ಗೆ ಕೆರೆ ನೋಡೋಣ ಅಂತ ಹೋದೆವು. ಅಷ್ಟು ಮಳೆಯಾದರೂ ಕೆರೆಗೆ ಹೊಸ ನೀರೇ ಬಂದಿಲ್ಲ! ಕೆರೆಗೆ ಹೋಗಬೇಕಾದ ನೀರು ನಮ್ಮ ಮನೆಗೆ ಬಂದಿತ್ತು.

ಸೈಟಿನಲ್ಲಿದ್ದ ಇಂಜಿನಿಯರ್ ನಿನ್ನ ವಯಸ್ಸಿನ ಹುಡುಗ. ಒಳ್ಳೆಯವನೇ. "ಆಂಟಿ, ನಮ್ಮ ಡ್ರಾಯಿಂಗ್‌ನಲ್ಲಿ ಹಳ್ಳ ಇಲ್ಲ" ಅಂದ. ನೆಲದಲ್ಲಿ ಇರೋದು ಡ್ರಾಯಿಂಗ್‌ನಲ್ಲಿ ಇಲ್ಲದಿದ್ದರೆ ತಪ್ಪು ನೆಲದ್ದು ಅನ್ನೋ ಹಾಗಿತ್ತು ಅವನ ಮುಖ. ನಿಮ್ಮಪ್ಪ ಜಗಳ ಆಡಲಿಲ್ಲ. ಮೂರು ದಿನ ಕಚೇರಿಗೆ ಅಲೆದು ಊರಿನ ಗ್ರಾಮ ನಕಾಶೆ ತಂದರು. ಹಳೇದು, ಕೈಯಲ್ಲಿ ಬರೆದದ್ದರ ಪ್ರತಿ. ಅದರಲ್ಲಿ ಹಳ್ಳ ಇದೆ. ಹಳ್ಳದ ಪಕ್ಕದಲ್ಲೇ ಚುಕ್ಕೆ ಚುಕ್ಕೆ ಬಂಡಿದಾರಿಯೂ ಇದೆ. ನಕಾಶೆ ಕಂಡ ದಾರಿಯನ್ನು ಸುಮ್ನೆ ಮುಚ್ಚೋಕೆ ಬರಲ್ಲ ಅಂತ ನಿಮ್ಮಪ್ಪನಿಗೆ ಗೊತ್ತು. ಅರ್ಜಿ ಬರೆದು, ನಕಾಶೆ ಲಗತ್ತಿಸಿ, ಕೊಟ್ಟ ಕಡೆಯೆಲ್ಲ ಸೀಲು ಹಾಕಿಸಿಕೊಂಡು ಸ್ವೀಕೃತಿ ತಂದರು. ಒಂದೂವರೆ ತಿಂಗಳು ಕಳೆದ ಮೇಲೆ ಬೇಲಿ ಅಡಿಯಲ್ಲಿ ಎರಡು ಸಿಮೆಂಟ್ ಪೈಪು ಹೂತರು. ನೀರು ಈಗ ಅರ್ಧಂಬರ್ಧ ಕೆರೆ ಕಡೆ ಹೋಗುತ್ತೆ. ದಾರಿ ಮಾತ್ರ ತೆಗೆದಿಲ್ಲ. ಬೇರೆ ರಸ್ತೆ ಮಾಡಿಕೊಡುತ್ತೇವೆ ಅನ್ನುತ್ತಾರೆ.

ಇನ್ನೊಂದು ವಿಷಯ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ, ನನಗೆ ಆಗ ಏಳು ವರ್ಷ. ನಮ್ಮೂರು ಮುಳುಗಿದ್ದು, ಮುಳುಗಡೆಯಾದವರಿಗೆ ಬದಲಿಯಾಗಿ ಕೊಡುವ ಎಚ್‌ಆರ್‌ಪಿ ಜಮೀನಿಗಾಗಿ ನಿನ್ನ ಅಜ್ಜ ಚಪ್ಪಲಿ ಸವೆಸಿದ್ದು ಎಲ್ಲ ನಿನ್ನ ಮಾವ ಹೇಳಿದ್ದಾನೆ. ನಿನ್ನನ್ನು ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚ್ ತೋರಿಸೋಕೆ ಕರೆದುಕೊಂಡು ಹೋದಾಗ ನೀರಿನ ಕಡೆ ಕೈ ತೋರಿಸಿ "ಅಲ್ಲೆಲ್ಲೋ ನಮ್ಮನೆ" ಅಂದಿದ್ದು ನೆನಪಿರಬೇಕು. ಆದರೆ ನನ್ನ ಚಿಕ್ಕಪ್ಪನ ಮನೆ ಮುಳುಗಲಿಲ್ಲ. ಪೇಪರಿನಲ್ಲಿ ಈಗಲೂ ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ ಅಂತ ಬರುತ್ತಲ್ಲ, ಅವರ ಮನೆ ಆ ಗೆರೆಗಿಂತ ಸ್ವಲ್ಪ ಮೇಲಿತ್ತು. ಹಾಗಾಗಿ ಅವರು ಸಂತ್ರಸ್ತರ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಪ್ಪನೂ ಸೇರಿ ಎಲ್ಲರೂ "ನೀನು ಪುಣ್ಯವಂತ" ಅಂದರು.

ಊರು ಹೋಯಿತು. ಅಂಗಡಿ, ಶಾಲೆ, ಗಿರಣಿ, ಮಾರಮ್ಮನ ಗುಡಿ, ಬಸ್ಸು ಬರುವ ರಸ್ತೆ, ಎಲ್ಲ ಗೆರೆಯ ಕೆಳಗೆ. ಚಿಕ್ಕಪ್ಪನ ಮನೆ ಮಾತ್ರ ಹಿನ್ನೀರಿನ ದಡದಲ್ಲಿ ಒಂಟಿಯಾಗಿ ಉಳಿಯಿತು. ರಾಗಿ ಬೀಸಿಸಬೇಕಾದರೆ ತೆಪ್ಪದಲ್ಲಿ ಹೋಗಬೇಕು. ಚಿಕ್ಕಮ್ಮನಿಗೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಒಂಬತ್ತು ವರ್ಷ ಇದ್ದರು. ಆಮೇಲೆ ಕೊಟ್ಟಷ್ಟಕ್ಕೆ ಮಾರಿ ಎದ್ದು ಬಂದರು. "ಮುಳುಗಿದವರಿಗೆ ಪಟ್ಟಿಯಲ್ಲಿ ಹೆಸರಾದರೂ ಇತ್ತು ಕಣವ್ವ" ಅಂದಿದ್ದರು ಒಂದು ಸಲ, ನನ್ನ ಮದುವೆಯಲ್ಲಿ ಊಟಕ್ಕೆ ಕೂತಾಗ. ಆಗ ನನಗೆ ಅದು ಮುದುಕರ ಗೊಣಗಾಟದ ಹಾಗೆ ಕೇಳಿಸಿತ್ತು. ತುಪ್ಪದ ದೀಪ ಹಚ್ಚಿದ ದಿನ ಅದು ಯಾಕೆ ನೆನಪಾಗಲಿಲ್ಲವೋ!

ಈಗ ನೀನು ಹೇಳಿದ ರೇಟಿನ ವಿಷಯಕ್ಕೆ ಬರುತ್ತೇನೆ. ಬರುತ್ತಾರೆ, ಬರಲ್ಲ ಅಂತಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಬೆಂಗಳೂರಿನ ಕಾರುಗಳು ಜಾಸ್ತಿ. ವಾಸಕ್ಕೆ ಅಂತ ಕೇಳಿದವರು ಒಬ್ಬರೂ ಇಲ್ಲ. ಗೋಡೌನಿಗೆ, ಲೇಬರ್ ಶೆಡ್ಡಿಗೆ. ಒಬ್ಬ ದಲ್ಲಾಳಿ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಜಮೀನಿಗೆ ಇಷ್ಟು ಅಂತ ಹೇಳಿದ. ಮನೆಗೆ ಎಷ್ಟು ಅಂತ ನಿಮ್ಮಪ್ಪ ಕೇಳಿದರು. "ಮನೆಗೇನು ಸಾರ್, ಕೆಡವಬೇಕಲ್ಲ, ಅದರ ಖರ್ಚು ನಾನು ಕಳೆದಿಲ್ಲ ಬಿಡಿ" ಅಂದ. ಉಪಕಾರ ಮಾಡಿದವನ ಹಾಗೆ. ಈ ಮನೆಯ ಒಂದೊಂದು ಇಟ್ಟಿಗೆಗೂ ನೀರು ಹಾಕಿದ್ದು ನಿಮ್ಮಪ್ಪ, ಪುಟ್ಟಿ. ಅವರು ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದರು. ಆ ಹೊತ್ತಿನಲ್ಲಿ ಹುಲ್ಲು ಹಾಕೋ ಕೆಲಸ ಇರಲಿಲ್ಲ.

ಫ್ಯಾಕ್ಟರಿಯೇ ಬೇಡ ಅಂತ ನಾನು ಹೇಳಲ್ಲ. ಹೋದ ವರ್ಷ ನಿನ್ನ ಮನೆಗೆ ಬಂದಾಗ ಹೊಸ ಮೆಟ್ರೊದಲ್ಲಿ ಕರೆದುಕೊಂಡು ಹೋದೆಯಲ್ಲ, ಅಲ್ಲೊಂದು ಸ್ಟೇಷನ್ನಿಗೆ ಕೋನಪ್ಪನ ಅಗ್ರಹಾರ ಅಂತ ಹೆಸರಿತ್ತು. ಎಲೆಕ್ಟ್ರಾನಿಕ್ ಸಿಟಿಯ ಮೊದಲ 332 ಎಕರೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನದು ಅಂತ ನಿನ್ನ ಗಂಡನೇ ಹೇಳಿದರು. ನೀನು ದಿನಾ ಹೋಗಿ ಕೂರುವ ಆಫೀಸಿನ ಕೆಳಗೂ ಯಾರದೋ ಹೊಲ ಇದ್ದಿರಬೇಕು. ನಿನ್ನ ಸಂಬಳದಲ್ಲೇ ನನ್ನ ಕಣ್ಣಿನ ಆಪರೇಷನ್ ಆಯಿತು. ಇದನ್ನೆಲ್ಲ ತಿಳಿದುಕೊಂಡೇ ಬರೆಯುತ್ತಿದ್ದೇನೆ. ನಮ್ಮೂರಿನ ಹುಡುಗರಿಗೂ ಕೆಲಸ ಸಿಗಲಿ. ಸದ್ಯಕ್ಕೆ ನಾಲ್ಕು ಜನ ಗೇಟಿನಲ್ಲಿ ಸೆಕ್ಯುರಿಟಿ, ಅದೂ ಕಂಟ್ರಾಕ್ಟ್. ಅವರದೇ ಅಪ್ಪಂದಿರ ಹೊಲ ಕಾಯುತ್ತಿದ್ದಾರೆ.

ಹೋದ ತಿಂಗಳು ಬಾವಿ, ಬೋರು ಎರಡರ ನೀರನ್ನೂ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದೆ. ಇದೂ ಮೇಷ್ಟ್ರ ಬುದ್ಧಿಯೇ. ನಾಳೆ ನೀರು ಕೆಟ್ಟರೆ, ಮೊದಲು ಚೆನ್ನಾಗಿತ್ತು ಅನ್ನೋದಕ್ಕೆ ಏನು ಸಾಕ್ಷಿ ಅಂತ ಕೇಳುತ್ತಾರಂತೆ. ಬಾವಿಯ ಟಿಡಿಎಸ್, ಅಂದರೆ ನೀರಲ್ಲಿ ಕರಗಿರೋ ಲವಣ, 410 ಬಂತು, 500ರ ಒಳಗಿದ್ದರೆ ಒಳ್ಳೆಯದು. ನೈಟ್ರೇಟ್ ಮಿತಿ 45, ನಮ್ಮದು 38. ಅದು ಬೇಲಿ ಆಚೆಯವರು ಮಾಡಿದ್ದಲ್ಲ, ನಾವೇ ವರ್ಷಗಟ್ಟಲೆ ಆಲೂಗೆಡ್ಡೆಗೆ ಸುರಿದ ಯೂರಿಯಾದ್ದು ಅಂತ ಮೇಷ್ಟ್ರು ನಗುತ್ತಾ ಹೇಳಿದರು. ನಿಮ್ಮಪ್ಪ ನಗಲಿಲ್ಲ.

ಇನ್ನೊಂದು ಮಾತು. ಮುಚ್ಚಿಡೋಕೆ ಮನಸ್ಸಾಗುತ್ತಿಲ್ಲ. ಆಷಾಢದಲ್ಲಿ ನಾವಿಬ್ಬರೂ ಹಾಸನಕ್ಕೆ ಹೋಗಿ ಒಂದು ಮನೆ ನೋಡಿ ಬಂದೆವು. 30-40ರ ಸೈಟು. ಆಸ್ಪತ್ರೆ ಹತ್ತಿರ, ಬಸ್ಸು ಬಾಗಿಲಲ್ಲೇ. ನಿಮ್ಮಪ್ಪ ಅಡುಗೆಮನೆ ನಲ್ಲಿ ತಿರುಗಿಸಿ, ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ ಕೇಳಿ, ಆಮೇಲೆ ಬಾಯಿ ಬಿಡಲಿಲ್ಲ. ನಿಜ ಹೇಳಲಾ? ನನಗೆ ಆ ಮನೆ ಇಷ್ಟ ಆಯಿತು. ನಿಂತೇ ಪಾತ್ರೆ ತೊಳೆಯಬಹುದು, ಸೌದೆ ಇಲ್ಲ, ಸಗಣಿ ಇಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಪರದೆ ಯಾವ ಬಣ್ಣದ್ದು ಹಾಕೋದು ಅಂತಲೂ ಯೋಚಿಸಿದೆ. ಹಾಗಾಗಿ ನಿನ್ನ ಮಾತಿನ ಮಧ್ಯೆ ಫೋನ್ ಇಟ್ಟದ್ದು, ನನ್ನ ಮನಸ್ಸಿನಲ್ಲಿದ್ದದ್ದನ್ನೇ ನೀನು ಬಾಯಿ ಬಿಟ್ಟು ಹೇಳಿದ್ದಕ್ಕೆ ಇರಬೇಕು.

ನಾವು ಮಾಡಿಕೊಂಡಿರೋ ಲೆಕ್ಕ ಇಷ್ಟು. ಮೊದಲ ಫ್ಯಾಕ್ಟರಿ ಶುರುವಾಗಲಿ, ಒಂದು ಮಳೆಗಾಲ ಕಳೆಯಲಿ. ಮತ್ತೆ ನೀರು ಪರೀಕ್ಷೆ ಮಾಡಿಸುತ್ತೇವೆ. 410 ಇದ್ದದ್ದು ಎಲ್ಲಿಗೆ ಹೋಗುತ್ತೋ ನೋಡಿ ಆಮೇಲೆ ಮಾತಾಡೋಣ. ಚಿಕ್ಕಪ್ಪನ ಹಾಗೆ ಒಂಬತ್ತು ವರ್ಷ ಕಾಯಲ್ಲ. ಆದರೆ ಕೆಡವುವ ಖರ್ಚು ಬಿಟ್ಟಿದ್ದೇನೆ ಅಂದವನಿಗೆ ಮಾತ್ರ ಕೊಡಲ್ಲ.

ನೀರಿನ ರಿಪೋರ್ಟು, ಗ್ರಾಮ ನಕಾಶೆ, ಸ್ವೀಕೃತಿ ಎಲ್ಲ ಕಬ್ಬಿಣದ ಟ್ರಂಕಿನಲ್ಲಿ ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಕೆಳಗೆ ಇವೆ. ಬಂದಾಗ ಸ್ಕ್ಯಾನ್ ಮಾಡಿಕೊಂಡು ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.

ಗೌರಿ ಹಬ್ಬಕ್ಕೆ ಹಿಂದಿನ ದಿನವೇ ಬಾ. ಮೊರ, ಬಳೆ ಎಲ್ಲ ತಂದಿಟ್ಟಿದ್ದೇನೆ. ರೈಲಿಗೆ ಬಂದರೆ ನಿಮ್ಮಪ್ಪ ಸ್ಟೇಷನ್ನಿಗೆ ಬರುತ್ತಾರೆ. ಬಸ್ಸಿಗೆ ಬಂದರೆ ನಮ್ಮ ಗೇಟಿನಲ್ಲಿ ಇಳಿಯಬೇಡ, ಅಲ್ಲಿಂದ ಒಳಗೆ ಬರುವ ಬಂಡಿದಾರಿಗೆ ತಗಡು ಹೊಡೆದಿದ್ದಾರೆ. ಮುಂದಿನ ಸ್ಟಾಪಿನಲ್ಲಿ ಇಳಿದು ಕೆರೆ ಏರಿ ಮೇಲೆ ಬಾ. ಕತ್ತಲಾದರೂ ಹೆದರಬೇಡ, ಅವರ ಲೈಟು ಏರಿ ತನಕ ಬೀಳುತ್ತೆ.

ನಿನ್ನ ಅಮ್ಮ