ಕ್ಯಾನ್ಸರ್ ಪಾಠದ ತಂತ್ರಾಂಶದಲ್ಲಿ ನಮ್ಮೂರ ಪೆಟ್ಟಿಗೆ ಅಂಗಡಿಯೂ ಇರಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆ ಮಕ್ಕಳಿಗೆ ಕ್ಯಾನ್ಸರ್ ತಡೆಯುವ ಬಗೆಯನ್ನು ಕಂಪ್ಯೂಟರ್‌ನಲ್ಲಿ ಕಲಿಸುವುದು ಒಳ್ಳೆಯದೇ. ಆದರೆ ಪುಸ್ತಕದ ಪುಟವನ್ನು ಪರದೆಗೆ ಏರಿಸಿ, ಕೊನೆಗೆ ಹತ್ತು ಪ್ರಶ್ನೆ ಅಂಟಿಸಿದರೆ ಅದು ಪಾಠವಾಗದು. ‘ತಂಬಾಕು ಒಳ್ಳೆಯದೇ?’ ಎಂದರೆ ‘ಅಲ್ಲ’ ಒತ್ತಲು ಯಾವ ಮಗುವಿಗೂ ಕಷ್ಟವಿಲ್ಲ.

ಪಾಠ ಆಟದಂತಿರಲಿ: ಪರದೆಯ ಮೇಲೆ ಪೆಟ್ಟಿಗೆ ಅಂಗಡಿ, ಮಾಲೆಯಂತೆ ತೂಗುವ ಪೊಟ್ಟಣಗಳು. ಗೆಳೆಯ ಒಂದನ್ನು ಹರಿದು, ‘ತಗೊಳ್ಳೋ, ಹೊಗೆಸೊಪ್ಪಿಲ್ಲ, ಬರೀ ಅಡಿಕೆ’ ಎನ್ನುತ್ತಾನೆ. ಆಟ ಇಲ್ಲಿ ನಿಲ್ಲಬೇಕು. ಹುಡುಗ ‘ತಗೊಳ್ತೀನಿ’ ಒತ್ತಿದರೆ ಕೆಂಪು ಗುರುತು ಹಾಕಿ ಮುಂದೆ ಹೋಗದೆ ಕಾರಣ ತೋರಿಸಬೇಕು: ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಅಗಿಯುತ್ತ ಹೋದಂತೆ ಕೆನ್ನೆಯ ಒಳಪದರ ಗಡುಸಾಗುತ್ತದೆ. ಮೊದಮೊದಲು ಖಾರದ ಸಾರು ಉಂಡರೆ ಬಾಯಿ ಉರಿ, ಆಮೇಲೆ ಬಾಯಿ ತೆರೆಯುವುದೇ ಕಷ್ಟ. ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಲು ಮಕ್ಕಳಿಗೆ ಅಲ್ಲೇ ಹೇಳಬಹುದು. ಮೂರೂ ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಬೇಕು; ಅದೇ ಕ್ಯಾನ್ಸರ್ ಎಂದು ಹೆದರಿಸಬಾರದು. ಹುಣ್ಣಾದ ಬಾಯಿಯ ಚಿತ್ರ ಕಂಡರೆ ಮಕ್ಕಳು ಓದದೆ ‘ಮುಂದೆ’ ಒತ್ತಿಬಿಡುತ್ತಾರೆ.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ, ತಂಬಾಕು ಎರಡು ಪೊಟ್ಟಣಗಳಾಗಿ ಬಂದು ಅಂಗೈಯಲ್ಲಿ ಬೆರೆಯುತ್ತಿವೆ. ಚಿತ್ರದಲ್ಲಿ ಎರಡೂ ಇರಲಿ, ಇಲ್ಲದಿದ್ದರೆ ಮಗು ಇದು ತಾನು ಕಂಡದ್ದಲ್ಲ ಎಂದುಕೊಳ್ಳುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮನೆಗಳಿಗೆ ಹೊಗೆಸೊಪ್ಪೇ ಅನ್ನ. ಬೆಳೆಯುವವರನ್ನು ದೂಷಿಸುವ ಪಾಠಕ್ಕೆ ಆ ಮಕ್ಕಳು ಕಿವಿ ಕೊಡುವುದಿಲ್ಲ. ಅವರಿಗೆ ಬೇರೆ ದಾರಿಯಿಂದ ಶುರು ಮಾಡಬೇಕು: ಒದ್ದೆ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆಸುತ್ತು, ವಾಂತಿ ಬರುತ್ತದೆ, ಕೈಗವಸು, ತುಂಬುತೋಳಿನ ಅಂಗಿ ಬೇಕು, ಮಕ್ಕಳು ಆ ಕೆಲಸಕ್ಕೆ ಹೋಗಲೇಬಾರದು. ಅಜ್ಜಿಯ ತಾಂಬೂಲದ ಮಾತೂ ಹಾಗೆಯೇ. ಮೈಸೂರು ವೀಳ್ಯದೆಲೆಯನ್ನು ದೂರಬೇಕಿಲ್ಲ. ಅಡಿಕೆ, ಹೊಗೆಸೊಪ್ಪಿನ ಹೆಸರು ಹೇಳಿದರೆ ಸಾಕು.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಂಕೋಚದಿಂದ ಬಿಡಬಾರದು. ಆ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಸೋಂಕು ತಗಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ, ಹಾಕಿಸಿದರೆ ಫಲ ಹೆಚ್ಚು.

ತಂತ್ರಾಂಶ ಇಂಟರ್‌ನೆಟ್ ಇಲ್ಲದೆ ಪೆನ್‌ಡ್ರೈವ್‌ನಿಂದ ನಡೆಯಬೇಕು, ಅಕ್ಷರ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್ ಆದರೆ ಬೇರೆ ಕಂಪ್ಯೂಟರ್‌ನಲ್ಲಿ ಅಕ್ಷರವೆಲ್ಲ ಗೋಜಲು. 40 ನಿಮಿಷದ ಪೀರಿಯಡ್‌ನಲ್ಲಿ ಆಟಕ್ಕೆ 15 ನಿಮಿಷ, ಉಳಿದದ್ದು ಮಾತುಕತೆಗೆ. ಒಂದು ಕಂಪ್ಯೂಟರ್‌ಗೆ ಇಬ್ಬರೇ ಇರಲಿ. ನಾಲ್ವರಾದರೆ ಮೌಸ್ ಹಿಡಿದವನದೇ ಉತ್ತರ. ಮರುದಿನದ ಅಂಕ ನೆನಪಿನದ್ದಷ್ಟೇ, ಒಂದು ತಿಂಗಳು ಬಿಟ್ಟು ಮತ್ತೆ ಕೇಳಬೇಕು.

ಮಕ್ಕಳ ಹೆಸರು ಮಾತ್ರ ಎಲ್ಲೂ ಕೇಳಬೇಡಿ. ಮೇಷ್ಟರಿಗೆ ಗೊತ್ತಾಗುತ್ತದೆಂದರೆ ಈಗಾಗಲೇ ಅಗಿಯುತ್ತಿರುವ ಹುಡುಗ ನಿಜ ಒತ್ತುವುದಿಲ್ಲ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಕೊನೆಯ ಪರದೆಯಲ್ಲಿ ದಪ್ಪಕ್ಷರದಲ್ಲಿರಲಿ, ಬರೆದುಕೊಳ್ಳಲು ಅವನಿಗೆ ಎರಡು ನಿಮಿಷ ಸಿಗಲಿ.

– ದಂತವೈದ್ಯರು ಮತ್ತು ಪ್ರೌಢಶಾಲಾ ಶಿಕ್ಷಕರು, ಮೈಸೂರು