ಆರ್ಕೈವ್‌ಗೆ ಮೊದಲ ಪೇಪರ್ ಹಾಕುವ ಮುಂಚೆ

ಚಿ. ಮೇಧಾಳಿಗೆ ಆಶೀರ್ವಾದಗಳು.

ಪೇಪರ್ ಮುಗಿಯಿತು, ಈ ವಾರವೇ ಆರ್ಕೈವ್‌ಗೆ ಹಾಕಿಬಿಡುತ್ತೇನೆ ಎಂದು ಬರೆದಿದ್ದೀಯ. ಹಾಕು, ಆದರೆ ಗಡಿಬಿಡಿ ಬೇಡ ಕಣೇ. ಜರ್ನಲ್‌ನಲ್ಲಿ ಬರುವ ಮುಂಚೆಯೇ ಸಂಶೋಧನಾ ಪೇಪರ್‌ಗಳನ್ನು ಎಲ್ಲರೂ ಓದಲೆಂದು ಹಾಕುವ, 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರುಮಾಡಿದ ಆ ಜಾಲತಾಣದಲ್ಲಿ ಒಮ್ಮೆ ಪ್ರಕಟವಾದದ್ದನ್ನು ಅಳಿಸುವ ಹಾಗಿಲ್ಲ. ತಿದ್ದಿ ಎರಡನೇ ಆವೃತ್ತಿ ಹಾಕಬಹುದು, ಹಿಂತೆಗೆದುಕೊಂಡಿದೆ ಎಂದು ಷರಾ ಬರೆಯಬಹುದು. ಮೊದಲನೆಯದು ಅಲ್ಲೇ ಕೂತಿರುತ್ತದೆ.

ಹೊಸಬರಿಗೆ ಆ ವಿಭಾಗದಲ್ಲಿ ಈಗಾಗಲೇ ಪೇಪರ್ ಹಾಕಿರುವವರೊಬ್ಬರ ಎಂಡಾರ್ಸ್‌ಮೆಂಟ್, ಅಂದರೆ ಶಿಫಾರಸು, ಬೇಕಾಗುತ್ತದೆ. ನಿನ್ನ ಗೈಡ್‌ರನ್ನೇ ಕೇಳು, ಗುರುತಿಲ್ಲದ ಪ್ರೊಫೆಸರುಗಳಿಗೆ ಇಮೇಲ್ ಹಾಕಿ ಕಾಡಬೇಡ. ಸಹಲೇಖಕರೆಲ್ಲರ ಒಪ್ಪಿಗೆ ಬರಹದಲ್ಲಿರಲಿ. ಕಾರಿಡಾರಿನಲ್ಲಿ ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ.

ಎಡವುವುದು ಹೆಚ್ಚಾಗಿ ಫೈಲಿನಲ್ಲಿ. ಪೇಪರ್ ಅಚ್ಚುಕಟ್ಟಾಗಿ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಬರೆದಿದ್ದಕ್ಕೆ ಬರೀ ಪಿಡಿಎಫ್ ನಡೆಯುವುದಿಲ್ಲ, ನೀನು ಟೈಪ್ ಮಾಡಿದ ಮೂಲ ಫೈಲನ್ನೇ ಕೊಡಬೇಕು. ಉಲ್ಲೇಖಗಳ ಪಟ್ಟಿಯಿರುವ ಬಿಬಿಎಲ್ ಫೈಲನ್ನೂ ಜೊತೆಗಿಡು. ಬಿಟ್ಟುಹೋದರೆ ಪೇಪರಿನ ತುಂಬಾ ಉಲ್ಲೇಖದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡಾವು. ನಿನ್ನ ವಿಂಡೋಸ್‌ಗೆ ಚಿತ್ರದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಅವರ ಸರ್ವರಿಗೆ ಹಾಗಲ್ಲ, ಚಿತ್ರ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಇನ್ನೊಂದು, ಆ ಮೂಲವನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಪಿಡಿಎಫ್‌ನಲ್ಲಿ ಕಾಣಬಾರದೆಂದು ಶೇಕಡಾ ಚಿಹ್ನೆ ಹಾಕಿ ಮುಚ್ಚಿಟ್ಟ ಸಾಲುಗಳು ಅಲ್ಲಿ ಹಾಗ್ಹಾಗೇ ಇರುತ್ತವೆ. '% ಈ ಬಿಂದು ಯಾಕೋ ಕೂರುತ್ತಿಲ್ಲ, ಸರ್ ಕೇಳಿದರೆ ನೋಡೋಣ' ಅನ್ನುವಂಥದ್ದನ್ನೆಲ್ಲ ಒಂದೂ ಬಿಡದೆ ತೆಗೆ.

ಆಯಾ ದಿನದ ಪೇಪರ್ ಸಲ್ಲಿಸಲು ಅಮೆರಿಕದ ಪೂರ್ವ ತೀರದ ಮಧ್ಯಾಹ್ನ 2 ಗಂಟೆ ಆರ್ಕೈವ್‌ನವರ ಗಡುವು. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 11.30, ಅವರ ಗಡಿಯಾರ ಹಿಂದಕ್ಕೆ ಸರಿದ ಮೇಲೆ 12.30. ಹತ್ತು ಗಂಟೆಯ ಮೇಲೆ ಕೂರಬೇಡ, ನಿದ್ದೆಗಣ್ಣಿನಲ್ಲಿ ಲೈಸೆನ್ಸ್ ಆರಿಸುವಾಗ ಕೈ ತಪ್ಪುತ್ತದೆ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದೆನ್ನುವ ಸಿಸಿ ಬೈ ಲೈಸೆನ್ಸ್ ಒತ್ತಿದರೆ ವಾಪಸ್ ಪಡೆಯಲಾಗದು, ಅದನ್ನು ಒಪ್ಪದ ಜರ್ನಲ್‌ಗಳೂ ಇವೆ. ಜರ್ನಲ್ ಇನ್ನೂ ಗೊತ್ತಾಗಿಲ್ಲದಿದ್ದರೆ ಆರ್ಕೈವ್‌ನದೇ ಲೈಸೆನ್ಸ್ ಸಾಕು, ಅದರಲ್ಲಿ ಹಕ್ಕು ನಿನ್ನಲ್ಲೇ ಉಳಿಯುತ್ತದೆ.

ಮುಂದೆ ಜರ್ನಲ್‌ಗೆ ಕಳಿಸಿದಾಗ, ರೆಫರಿಗಳು (ಪೇಪರ್ ಓದಿ ಪರಿಶೀಲಿಸುವವರು) ಹೇಳಿದಂತೆ ತಿದ್ದಿ ಒಪ್ಪಿಗೆಯಾದ ನಿನ್ನ ಪ್ರತಿಯೇ ಬೇರೆ, ಪ್ರಕಾಶಕರು ಪುಟಕಟ್ಟಿ ಕೊಟ್ಟ ಪಿಡಿಎಫ್ಫೇ ಬೇರೆ. ಎರಡನೆಯದನ್ನು ಅನುಮತಿಯಿಲ್ಲದೆ ಎಲ್ಲೂ ಏರಿಸಬೇಡ. ಮೊದಲನೆಯದಕ್ಕೂ ಕೆಲವು ಜರ್ನಲ್‌ಗಳು 12 ತಿಂಗಳ ತಡೆ ಹಾಕುತ್ತವೆ. ಜರ್ನಲ್‌ಗಳ ಇಂಥ ನಿಯಮಗಳನ್ನು ತಿಳಿಸುವ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ (ಹಿಂದೆ ಷೆರ್ಪಾ ರೋಮಿಯೋ ಅನ್ನುತ್ತಿದ್ದರು) ಜರ್ನಲ್ ಹೆಸರು ಕೊಟ್ಟು ನೋಡಿಕೊ.

ಪೇಪರ್ ಹೊರಬಿದ್ದ ಮೇಲೆ 'ಮಾನ್ಯ ಪ್ರೊಫೆಸರ್' ಎಂದು ಕರೆದು ಒಂದೇ ವಾರದಲ್ಲಿ ಪ್ರಕಟಿಸುತ್ತೇವೆನ್ನುವ ಇಮೇಲ್‌ಗಳು ಬರತೊಡಗುತ್ತವೆ. ಒಂದು ವಾರದಲ್ಲಿ ರೆಫರಿ ಹುಡುಕಲಿಕ್ಕೇ ಆಗುವುದಿಲ್ಲ, ಓದಿಸುವುದೆಲ್ಲಿಂದ ಬಂತು! ಕೆಲವರು ಈಗಲೂ 'ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ' ಎನ್ನುತ್ತಾರೆ. ಮಾನ್ಯ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಲೇಖಕರು ಜರ್ನಲ್‌ಗೆ ದುಡ್ಡು ತೆತ್ತರಷ್ಟೇ ಪೇಪರ್ ಎಲ್ಲರಿಗೂ ಓದಸಿಗುತ್ತದೆ ಎಂದೂ ಇಲ್ಲ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಭೌತಶಾಸ್ತ್ರದ ಜರ್ನಲ್ 'ಪ್ರಮಾಣ'ದ ಪೇಪರ್‌ಗಳನ್ನು ಅಕಾಡೆಮಿಯ ಜಾಲತಾಣದಲ್ಲೇ ಬಿಟ್ಟಿಯಾಗಿ ಓದಬಹುದು. ಗೈಡ್ ಬಳಿ ಅದನ್ನೂ ಒಮ್ಮೆ ಪ್ರಸ್ತಾಪಿಸಿ ನೋಡು.

ಜರ್ನಲ್‌ನಲ್ಲಿ ಬಂದ ದಿನ ಡಿಒಐ ಸಂಖ್ಯೆಯನ್ನು (ಪೇಪರಿನ ಕಾಯಂ ಗುರುತು) ಆರ್ಕೈವ್ ಪುಟಕ್ಕೆ ಸೇರಿಸುವುದನ್ನು ಮರೆಯಬೇಡ. ಅದಕ್ಕೆ ಹೊಸ ಆವೃತ್ತಿ ಬೇಕಿಲ್ಲ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಸಂಖ್ಯೆಯನ್ನೂ ಈಗಲೇ ಮಾಡಿಸಿಕೊ. ನಿನ್ನದೇ ಹೆಸರು, ಇನಿಷಿಯಲ್ ಇರುವವರು ಇನ್ನೆಷ್ಟು ಜನವೋ.

ಇಂತಿ,
ನಿನ್ನ ಸೋದರಮಾವ