ಕೋವಿ ವಿನಾಯಿತಿಗೆ 2029ರ ಗಡುವು: ಮೈಸೂರು–ಕೊಡಗು ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ (ರಾಜರ ಕಾಲದಲ್ಲಿ ಸೇವೆಗೆ ಕೊಟ್ಟ ಭೂಮಿಯುಳ್ಳವರಿಗೂ) ಇರುವ ಕೋವಿ ವಿನಾಯಿತಿ, ಅಂದರೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಅನುಮತಿ, 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆಯಲ್ಲೇ ಈ ತಾರೀಖಿದೆ. ಕಡತ ಮತ್ತೆ ದೆಹಲಿಯ ಮೇಜಿಗೆ ಬಂದಾಗ ಕೊಡಗಿನ ಪರವಾಗಿ ಮಾತಾಡಬೇಕಾದವರು ತಾವು. ಅಲ್ಲಿ ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದೆಂದು ಈ ಪತ್ರ.

ಮೊದಲು ಬೀಳುವ ವಾದ. "ಅಮೆರಿಕದಲ್ಲಿ ಸಂವಿಧಾನವೇ ಕೋವಿ ಕೊಟ್ಟಿದೆ, ನಾವು ಮಾತ್ರ ಯಾಕೆ ಕೈಯೊಡ್ಡಬೇಕು" ಎಂಬ ಮಾತು ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ಅಮೆರಿಕದ ಎರಡನೇ ತಿದ್ದುಪಡಿ (1791) ಶುರುವಾಗುವುದೇ ಮಿಲಿಷಿಯಾದಿಂದ, ಅಂದರೆ ಕರೆ ಬಂದಾಗ ಸ್ವಂತ ಕೋವಿ ಹಿಡಿದು ಬರಬೇಕಾದ ನಾಗರಿಕರ ಪಡೆಯಿಂದ. ಮರುವರ್ಷ, 1792ರಲ್ಲಿ, ಅಲ್ಲಿನ ಕಾಂಗ್ರೆಸ್ಸು ಆ ಪಡೆಗೆ ಯಾರು ಸೇರಬೇಕು, ಏನು ತರಬೇಕು ಎಂದು ಕಾನೂನು ಮಾಡಿತು. 18 ತುಂಬಿದ, 45 ಮುಟ್ಟದ, ಮೈಯಲ್ಲಿ ಶಕ್ತಿಯಿರುವ ಪ್ರತಿಯೊಬ್ಬ ಬಿಳಿಯ ಗಂಡಸೂ ಆರು ತಿಂಗಳೊಳಗೆ ಒಂದು ಒಳ್ಳೆಯ ಮಸ್ಕೆಟ್, ಬಯೊನೆಟ್ಟು, ಎರಡು ಚಕಮಕಿ ಕಲ್ಲು, ಕಡಿಮೆಯೆಂದರೆ 24 ತೋಟೆ ಹಿಡಿಯುವ ಚೀಲ ಇವನ್ನೆಲ್ಲ ತನ್ನ ಖರ್ಚಿನಲ್ಲೇ ಹೊಂದಿಸಿಕೊಳ್ಳಬೇಕಿತ್ತು. ಹಕ್ಕಿಗಿಂತ ಹೊರೆಯೇ ಹೆಚ್ಚು ಅನ್ನಿ. 1903ರ ಕಾನೂನಿನ ಮೇಲೆ ಸಂಘಟಿತ ಮಿಲಿಷಿಯಾ ನ್ಯಾಷನಲ್ ಗಾರ್ಡ್ ಆಯಿತು. ಉಳಿದ ಗಂಡಸರು ಕಾಗದದ ಮೇಲೆ ಮಾತ್ರ ಮಿಲಿಷಿಯಾ.

ಈ ಪಡೆಗೂ ಮನೆಯ ಕೋವಿಗೂ ಏನು ನಂಟು ಎಂಬ ಜಗಳ ಅಲ್ಲಿ ಇವತ್ತಿಗೂ ಹರಿದಿಲ್ಲ. 1939ರ ಮಿಲ್ಲರ್ ಪ್ರಕರಣದಲ್ಲಿ, ಕತ್ತರಿಸಿದ ನಳಿಗೆಯ ಷಾಟ್‌ಗನ್ನಿಗೆ ಮಿಲಿಷಿಯಾದ ಉಪಯೋಗದೊಂದಿಗೆ ಸಂಬಂಧ ತೋರಿಸಿಲ್ಲ, ಆದ್ದರಿಂದ ಅದಕ್ಕೆ ರಕ್ಷಣೆ ಇಲ್ಲ ಎಂದಿತು ಸುಪ್ರೀಂ ಕೋರ್ಟು. 2008ರ ಹೆಲ್ಲರ್ ಪ್ರಕರಣದಲ್ಲಿ 5–4ರ ತೀರ್ಪು: ಮಿಲಿಷಿಯಾದ ಮಾತು ಬರೀ ಪೀಠಿಕೆ, ಹಕ್ಕು ವ್ಯಕ್ತಿಯದ್ದು. ಸಂವಿಧಾನದಲ್ಲೇ ಬರೆದಿಟ್ಟುಕೊಂಡವರ ಪಾಡು ಇದು. ನಮ್ಮ ಸಂವಿಧಾನದ 19(1)(ಬಿ) ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ 'ಶಾಂತಿಯುತವಾಗಿ, ಆಯುಧವಿಲ್ಲದೆ' ಎನ್ನುತ್ತದೆ. ಆಯುಧವೊಂದನ್ನು ಹೆಸರಿಟ್ಟು ಕಾಪಾಡಿರುವುದು 25ನೇ ವಿಧಿಯ ವಿವರಣೆಯಲ್ಲಿ, ಅದೂ ಸಿಖ್ಖರ ಕಿರ್ಪಾಣವನ್ನು. ಕೊಡವರ ಒಡಿಕತ್ತಿಯ ಹೆಸರೂ ಅಲ್ಲಿಲ್ಲ, ಕೋವಿಯದ್ದೂ ಇಲ್ಲ.

ಹಾಗೆಂದು ಕೊಡಗಿಗೆ ಮಿಲಿಷಿಯಾದ ಇತಿಹಾಸವೇ ಇಲ್ಲವೆಂದಲ್ಲ. ಅಮೆರಿಕಕ್ಕಿಂತ ನೇರವಾಗಿಯೇ ಇದೆ. ರಾಜರ ಕಾಲದ ಜಮ್ಮಾ ಭೂಮಿ ಸೇವೆಗೆ ಕಟ್ಟಿದ ಭೂಮಿ. ಸಾಗು ಹಿಡುವಳಿಗೆ ನೂರು ಭಟ್ಟಿ (ಗದ್ದೆಯ ಹಳೆಯ ಅಳತೆ) ಗದ್ದೆಗೆ 10 ರೂಪಾಯಿ ಕಂದಾಯವಾದರೆ ಜಮ್ಮಾಕ್ಕೆ 5. ಉಳಿದರ್ಧಕ್ಕೆ ಬದಲಾಗಿ ಒಕ್ಕದ (ಮನೆತನದ) ಗಂಡಸರು ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕು, ಕಾವಲು ಕಾಯಬೇಕು. ಈ ಕರಾರು ಕೊಡವರದ್ದು ಮಾತ್ರವೂ ಅಲ್ಲ. ಅರೆಭಾಷೆ ಗೌಡರು, ಹೆಗ್ಗಡೆಗಳು, ಐರಿಗಳು, ಜಮ್ಮಾ ಮಾಪಿಳ್ಳೆಗಳು ಈ ಸಮುದಾಯಗಳಲ್ಲೂ ಜಮ್ಮಾ ಕುಟುಂಬಗಳಿವೆ. ಅಧಿಸೂಚನೆಯಲ್ಲಿ ಜಮ್ಮಾ ಹಿಡುವಳಿದಾರರನ್ನು ಪ್ರತ್ಯೇಕ ವರ್ಗವಾಗಿ ಹೆಸರಿಸಿರುವುದು ನಮ್ಮ ಕಡೆಯ ಅತಿ ಗಟ್ಟಿ ಅಂಶ. ದೆಹಲಿಯಲ್ಲಿ ಅದನ್ನೇ ಮುಂದಿಡಿ, 'ವೀರ ಜನಾಂಗ' ಎಂಬ ಬ್ರಿಟಿಷರ ಬಿರುದನ್ನಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ 'ಎಂದೆಂದಿಗೂ' ವಿನಾಯಿತಿ ಬರೆದುಕೊಟ್ಟದ್ದು ಕಂಪನಿಗೆ, ಆಮೇಲೆ ರಾಣಿಗೆ, ತೋರಿದ ನಿಷ್ಠೆಗೆ. ಸ್ವತಂತ್ರ ಭಾರತದ ಗೃಹ ಸಚಿವಾಲಯದ ಎದುರು ಅದನ್ನು ಬಿಚ್ಚಿ ಹೇಳುವುದು ಅಷ್ಟೇನೂ ಶೋಭಿಸದು. ಕಾರ್ಯಪ್ಪ, ತಿಮ್ಮಯ್ಯನವರ ಹೆಸರೂ ಬೇಡ. ಅವರು ಹಿಡಿದದ್ದು ಸೈನ್ಯದ ಆಯುಧ.

ಇವತ್ತಿನ ವಿನಾಯಿತಿಗೆ ಕಾನೂನಿನ ಬುಡ 1959ರ ಶಸ್ತ್ರಾಸ್ತ್ರ ಕಾಯಿದೆಯ 41ನೇ ಸೆಕ್ಷನ್. ಸಾರ್ವಜನಿಕ ಹಿತದೃಷ್ಟಿಯಿಂದ ಯಾವುದೇ ವರ್ಗಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ. ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಅದೇ ಸೆಕ್ಷನ್ನಿನಲ್ಲಿದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದದ್ದು ಎಂಬುದರ ಜೊತೆಗೆ, ಇದು ಹತ್ತು ವರ್ಷಕ್ಕಷ್ಟೇ, ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನೂ ಅದು ಎಣಿಸಿತು. ನಮ್ಮಲ್ಲಿ ಕೆಲವರು ಈಗ ಕೇಳುತ್ತಿರುವುದು 'ಷರತ್ತಿಲ್ಲದ, ಶಾಶ್ವತ' ವಿನಾಯಿತಿ! ಕೂತ ಕೊಂಬೆಯನ್ನೇ ಕಡಿಯುವ ಕೆಲಸ. ಗಡುವು ಇರಲಿ, ಷರತ್ತೂ ಇರಲಿ. ಆದರೆ ಷರತ್ತು ಓದಿದವರಿಗೆ ಅರ್ಥವಾಗುವಂತಿರಲಿ.

ಉದಾಹರಣೆಗೆ ಲೆಕ್ಕ. ಹಿಂದಿನಿಂದ ಬಂದ ಷರತ್ತಿನ ಪ್ರಕಾರ ಜಿಲ್ಲೆಯ ಹೊರಗೆ ವಾಸವಿರುವಾಗ ಅಥವಾ ಪ್ರಯಾಣ ಮಾಡುವಾಗ ಹೆಚ್ಚೆಂದರೆ ಒಂದು ರೈಫಲ್ಲು, ಅದಕ್ಕೆ 100 ಗುಂಡು. ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟೆ ಅಥವಾ ಅಷ್ಟೇ ಚರೆ–ಮದ್ದು. ಇದು ಜಿಲ್ಲೆಯ ಹೊರಗಿನ ಮಾತು. ಈ ಮಧ್ಯೆ ಶಸ್ತ್ರಾಸ್ತ್ರ ಕಾಯಿದೆಯ 2019ರ ಡಿಸೆಂಬರಿನ ತಿದ್ದುಪಡಿ ಒಬ್ಬರಿಗೆ ಮೂರು ಕೋವಿ ಇದ್ದದ್ದನ್ನು ಎರಡಕ್ಕಿಳಿಸಿದೆ. ಜಿಲ್ಲೆಯೊಳಗೆ, ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ, ಅಜ್ಜನ ಕಾಲದ ಕೋವಿಗಳು ಯಾರ ಲೆಕ್ಕಕ್ಕೆ, ಎಷ್ಟು ಎಂಬುದನ್ನು ಹೊಸ ಅಧಿಸೂಚನೆ ಒಂದೇ ಸಾಲಿನಲ್ಲಾದರೂ ಹೇಳಬೇಕು. ಇದಕ್ಕಿಂತ ತೊಡಕಿನದು ಜಮ್ಮಾ. ಕಂದಾಯ ಕಾಯಿದೆಯ 2011ರ ತಿದ್ದುಪಡಿಯಿಂದ ಜಮ್ಮಾ ಬಾಣೆಗಳು (ಗದ್ದೆಗೆ ಹೊಂದಿದ ಕಾಡುಭೂಮಿ) ಸಾಮಾನ್ಯ ಹಿಡುವಳಿಯತ್ತ ಸಾಗಿವೆ. ಪಹಣಿಯಲ್ಲಿ 'ಜಮ್ಮಾ' ಅಳಿಸಿಹೋದ ದಿನ ಅಧಿಸೂಚನೆಯ 'ಜಮ್ಮಾ ಹಿಡುವಳಿದಾರ' ಯಾರು? ಕೊಡವರಲ್ಲದ ಜಮ್ಮಾ ಕುಟುಂಬಗಳಿಗೆ ಬೇರೆ ಆಸರೆಯಿಲ್ಲ. 'ಇಂಥ ತಾರೀಖಿನಂದು ಕಂದಾಯ ದಾಖಲೆಯಲ್ಲಿ ಜಮ್ಮಾ ಎಂದಿದ್ದ ಭೂಮಿಯ ಒಕ್ಕದವರು, ಅವರ ವಾರಸುದಾರರು' ಎಂದು ಬರೆಸಿ. ರಾಜ್ಯದ ಕಂದಾಯ ಇಲಾಖೆ ಆ ಪಟ್ಟಿಯನ್ನು ಈಗಲೇ ತೆಗೆದಿಡಬೇಕು, 2029ರಲ್ಲಿ ಹುಡುಕಲು ಕೂತರೆ ಸಿಕ್ಕದು.

ಇನ್ನು ಈಡು, ಅಂದರೆ ಗುಂಡು, ಹಾರಿಸುವ ವಿಚಾರ. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ. ಅದೇ 2019ರ ತಿದ್ದುಪಡಿ 25ನೇ ಸೆಕ್ಷನ್ನಿಗೆ ಹೊಸ ಅಪರಾಧವೊಂದನ್ನು ಸೇರಿಸಿದೆ: ಸಮಾರಂಭದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಪರವಾನಗಿಯ ವಿನಾಯಿತಿಯನ್ನು ತೋರಿಸಿ ಇದರಿಂದ ತಪ್ಪಿಸಿಕೊಳ್ಳಲಾಗದು. ತಪ್ಪಿಸಿಕೊಳ್ಳಲೂಬಾರದು. ಮೇಲಕ್ಕೆ ಹಾರಿಸಿದ .22 ಗುಂಡು ಒಂದು ಕಿಲೋಮೀಟರಿಗೂ ಆಚೆ ಬೀಳಬಲ್ಲದು. ಜಿಲ್ಲಾಡಳಿತ ಮೂರು ನಿಯಮ ಮಾಡಿದರೆ ಸಾಕು. ಗಾಳಿಗೆ ಹಾರಿಸುವುದಾದರೆ ಚರೆಯಿಲ್ಲದ ಈಡು ಮಾತ್ರ, ಅದೂ ಜನರಿಂದ ದೂರಕ್ಕೆ, ಯಾಕೆಂದರೆ ಮದ್ದಿನ ಮೇಲೆ ಜಡಿದ ಬಿರಡೆಯೂ ಹತ್ತಿರದಿಂದ ಕಣ್ಣು ತೆಗೆಯಬಲ್ಲದು. ಕಾಯಿಗೆ ಹೊಡೆಯುವುದಾದರೆ ಗುರಿಯ ಹಿಂದೆ ಮಣ್ಣಿನ ಬರೆ ಇರಬೇಕು. ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ) ತುಂಬುವ ಮುಂಚೆ ಗಜ (ಮದ್ದು ಜಡಿಯುವ ಕೋಲು) ಇಳಿಸಿ ನೋಡಬೇಕು. ಮಳೆಗಾಲದ ತೇವಕ್ಕೆ ಕೇಪು ಸಿಡಿದರೂ ಮದ್ದು ಹತ್ತದೆ ಉಳಿಯುತ್ತದೆ, ಖಾಲಿಯೆಂದು ತಿಳಿದು ಇನ್ನೊಬ್ಬರು ಅದರ ಮೇಲೇ ಮತ್ತೊಂದು ಈಡು ತುಂಬುತ್ತಾರೆ, ನಳಿಗೆ ಬುಡದಲ್ಲೇ ಸೀಳಬಹುದು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಗೆರೆ ಹಾಕಿಟ್ಟುಕೊಂಡರೆ ಒಳಗೆ ಈಡಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವುದರ ವಿರುದ್ಧ ಹೊಸ ಹೋರಾಟ ಬೇಕಿಲ್ಲ. ಕಾನೂನು, ಪದ್ಧತಿಗಳ ಪ್ರಕಾರ ಆಯುಧ ಧರಿಸುವ ಸಮುದಾಯಗಳಿಗೆ ನಿಷೇಧ ಅನ್ವಯಿಸದು ಎಂದು ಚುನಾವಣಾ ಆಯೋಗದ ಸೂಚನೆಯೇ ಹೇಳುತ್ತದೆ, ಗಲಭೆಗಿಳಿದವರ ಕೋವಿ ವಶಪಡಿಸಿಕೊಳ್ಳಲು ಅಡ್ಡಿಯಿಲ್ಲ ಎಂಬ ಮಾತಿನೊಂದಿಗೆ. ಆ ಸೂಚನೆಯ ನಕಲು ಪ್ರತಿ ಠಾಣೆಯಲ್ಲೂ ಇರುವಂತೆ ನೋಡಿಕೊಂಡರೆ ಆಯಿತು.

ಬೇಟೆಯ ಮಾತನ್ನು ಮನವಿಯಲ್ಲಿ ಎಲ್ಲೂ ಸೇರಿಸಬೇಡಿ. 1972ರ ವನ್ಯಜೀವಿ ಕಾಯಿದೆಗೆ ಈ ವಿನಾಯಿತಿಯ ಹಂಗಿಲ್ಲ.

ನಮ್ಮ ಕೋರಿಕೆ ಇಷ್ಟು: 2028ರ ಕೊನೆಯೊಳಗೆ ಗೃಹ ಸಚಿವಾಲಯಕ್ಕೆ ನವೀಕರಣದ ಕರಡು ಹೋಗಲಿ. ಅದರಲ್ಲಿ ಜಮ್ಮಾ ಹಿಡುವಳಿದಾರರ ವ್ಯಾಖ್ಯಾನ, ಜಿಲ್ಲೆಯ ಒಳಗಿನ–ಹೊರಗಿನ ಕೋವಿ, ತೋಟೆಗಳ ಲೆಕ್ಕ, ಈಡಿನ ನಿಯಮ ಇರಲಿ. ವಿನಾಯಿತಿದಾರರ ಮೇಲೆ ಹತ್ತು ವರ್ಷದಲ್ಲಿ ದಾಖಲಾದ ಶಸ್ತ್ರಾಸ್ತ್ರ ಪ್ರಕರಣಗಳ ಪಟ್ಟಿಯನ್ನು, ಚಿಕ್ಕದಿರಲಿ ದೊಡ್ಡದಿರಲಿ, ಜಿಲ್ಲಾ ಪೊಲೀಸರಿಂದ ಪಡೆದು ಕರಡಿನೊಂದಿಗೆ ಲಗತ್ತಿಸಿ. ಸಚಿವಾಲಯ ಮೊದಲು ಕೇಳುವುದು ಅದನ್ನೇ.

ಇತಿ,
ಕೊಡಗಿನ ಕೆಲವು ವಿನಾಯಿತಿದಾರರು